ಅಂಚೆಯ ಪಾಠದಿಂದ ಅಂತರಜಾಲದ ಪಾಠದವರೆಗೆ

ನಾಗಪುರದ ಉತ್ತರಕ್ಕೆ ಸಾವನೇರ ತಾಲ್ಲೂಕಿನಲ್ಲಿ ಖಾಪರಖೇಡಾ ಎಂಬ ಊರಿದೆ. ನೌಕರಿಯ ನಿಮಿತ್ತ ನಾಡು ಬಿಟ್ಟು ಬಂದ ನಾನು ಸಂಸಾರದೊಡನೆ ಇಲ್ಲಿ ನೆಲೆಸಿ ವರ್ಷಗಳೇ ಕಳೆದವು. ಉಷ್ಣವಿದ್ಯುತ್ ಕೇಂದ್ರದ ಎತ್ತರದ ಚಿಮಣಿಗಳೂ ಸುತ್ತಣ ಕಲ್ಲಿದ್ದಲ ಗಣಿಗಳೂ ಈ ಊರಿನ ಗುರುತು. ಐದು ಘಟಕಗಳು ಸೇರಿ 1,340 ಮೆಗಾವಾಟ್ ಸಾಮರ್ಥ್ಯವುಳ್ಳ ಆ ಕೇಂದ್ರದಿಂದ ಮಹಾರಾಷ್ಟ್ರದ ಎಷ್ಟೋ ಮನೆಗಳಲ್ಲಿ ದೀಪ ಉರಿಯುತ್ತದೆ. ಆದರೆ ಕನ್ನಡವನ್ನು ಒಂದು ವಿಷಯವಾಗಿ ಓದಿ ಪದವಿ ಪಡೆಯಬೇಕೆಂದರೆ ಇಲ್ಲಿ ಅನುಕೂಲವಿಲ್ಲ. ನಮ್ಮಂಥವರ ಮಕ್ಕಳಿಗೆ ಉಳಿದಿರುವ ದಾರಿ ದೂರಶಿಕ್ಷಣ ಒಂದೇ.

ನಮ್ಮ ಮನೆಯಲ್ಲಿದ್ದುಕೊಂಡು ಓದಿದ ನನ್ನ ಸೋದರಳಿಯನಿಗೆ ಹುಟ್ಟಿನಿಂದಲೂ ದೃಷ್ಟಿ ಬಹಳ ಮಂದ. ಕಂಪ್ಯೂಟರಿನ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ಅವನು ಓದುತ್ತಾನೆ. 2021ರಲ್ಲಿ ಅವನು ಕನ್ನಡವನ್ನು ಒಂದು ವಿಷಯವಾಗಿ ಆರಿಸಿಕೊಂಡು ದೂರದ ಒಂದು ವಿಶ್ವವಿದ್ಯಾನಿಲಯದ ಬಿ.ಎ. ತರಗತಿಗೆ ಮನೆಯಿಂದಲೇ ಸೇರಿದ. ಹೆಸರು ಇಲ್ಲಿ ಬೇಡ. ಸೇರಿದ ಕೆಲವೇ ದಿನಗಳಲ್ಲಿ, ಒಂದೇ ವಾರದೊಳಗೆ, ಎರಡು ಸಂಗತಿಗಳು ನಡೆದವು.

ಮೊದಲನೆಯದು, ಪಾಠದ ಕಡತಗಳು ಬಂದವು. ಓದುವ ತಂತ್ರಾಂಶಕ್ಕೆ ಅವನ್ನು ಒಪ್ಪಿಸಿದರೆ ಕನ್ನಡದ ಒಂದು ಪದವೂ ಹೊರಡಲಿಲ್ಲ. ಅದು ಇಂಗ್ಲಿಷಿನ ಬಿಡಿ ಅಕ್ಷರಗಳನ್ನು ಬಡಬಡಿಸತೊಡಗಿತು. ಎರಡನೆಯದು, ಪ್ರವೇಶ ಪಡೆದವರ ಪಟ್ಟಿಯನ್ನು ಜಾಲತಾಣದಲ್ಲಿ ಪ್ರಕಟಿಸಿದರು. ಹೆಸರು, ಹುಟ್ಟಿದ ದಿನ, ಫೋನ್ ಸಂಖ್ಯೆ, ಜಾತಿಯ ವರ್ಗ, ಕೊನೆಯ ಅಂಕಣದಲ್ಲಿ ಅಂಗವೈಕಲ್ಯದ ಶೇಕಡಾ ಪ್ರಮಾಣ ಸಹ ಅದರಲ್ಲಿತ್ತು. ಯಾರು ಬೇಕಾದರೂ ನೋಡಬಹುದಾಗಿತ್ತು. ಮರುದಿನದಿಂದಲೇ ಪರೀಕ್ಷೆ ಪಾಸು ಮಾಡಿಸಿಕೊಡುತ್ತೇವೆನ್ನುವ ದಲ್ಲಾಳಿಗಳ ಫೋನುಗಳು ಬರಲಾರಂಭಿಸಿದವು. ಹುಡುಗ ಆ ಸಂಜೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಾಟಿಬಿಟ್ಟಿತು: “ಮಾವ, ನಾನು ಓದಬೇಕಾದ ಪಾಠ ನನಗೆ ಮುಚ್ಚಿದೆ. ನನ್ನ ಕಾಗದ ಮಾತ್ರ ಊರಿಗೆಲ್ಲ ತೆರೆದಿದೆ.”

ಇದು ಹೊಸ ಯಂತ್ರಗಳು ತಂದ ಹೊಸ ತೊಂದರೆಯೇ, ಹಿಂದೆಯೂ ಹೀಗೇ ಇತ್ತೇ ಎಂಬ ಪ್ರಶ್ನೆ ನನ್ನನ್ನು ಕಾಡಿತು. ವಿಜ್ಞಾನದ ಪದವಿ ಪಡೆದು ಗುಮಾಸ್ತಿಕೆಗೆ ಬಂದವನು ನಾನು. ಇತಿಹಾಸ ನನ್ನ ಅಭ್ಯಾಸದ ವಿಷಯವಲ್ಲ. ಆದರೂ ಬಿಡುವಿನ ವೇಳೆಯಲ್ಲಿ ಹುಡುಕಿ ತಿಳಿದುಕೊಂಡುದನ್ನು ನಮ್ಮ ಸಂಘದ ಓದುಗರ ಮುಂದಿಡುತ್ತಿದ್ದೇನೆ.

ಲಕೋಟೆಯ ಕಾಲ

ದೂರದಿಂದ ಕಲಿಸುವ ಪದ್ಧತಿ ಅಂಚೆಯೊಡನೆ ಹುಟ್ಟಿತೆಂದರೆ ತಪ್ಪಾಗಲಾರದು. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಾಗ, ನಮ್ಮ ಕಛೇರಿಗಳ ಸ್ಟೆನೋಗ್ರಾಫರರಿಗೆಲ್ಲ ಪರಿಚಿತನಾದ ಐಸಾಕ್ ಪಿಟ್ಮನ್ ತನ್ನ ಶೀಘ್ರಲಿಪಿಯ ಪಾಠಗಳನ್ನು ಅಂಚೆಯ ಮೂಲಕ ಕಲಿಸತೊಡಗಿದ. ವಿದ್ಯಾರ್ಥಿಗಳು ಬರೆದು ಕಳುಹಿಸಿದ್ದನ್ನು ತಿದ್ದಿ ಹಿಂದಿರುಗಿಸುತ್ತಿದ್ದ. 1858ರಿಂದ ಲಂಡನ್ ವಿಶ್ವವಿದ್ಯಾನಿಲಯವು ತನ್ನ ಕಾಲೇಜುಗಳಲ್ಲಿ ಕುಳಿತು ಓದದವರಿಗೂ ಪದವಿ ಕೊಡಲಾರಂಭಿಸಿತು.

ನಮ್ಮ ದೇಶದಲ್ಲಿ ಈ ಕೆಲಸ ಮೊದಲಾದದ್ದು 1962ರಲ್ಲಿ, ದೆಹಲಿ ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ಶಾಲೆಯಿಂದ. ಕನ್ನಡ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಹೊಲ ಬಿಟ್ಟು ಬರಲಾಗದ ರೈತನ ಮಗ, ಮದುವೆಯಾಗಿ ಓದು ನಿಲ್ಲಿಸಿದ ಗೃಹಿಣಿ, ಬಡ್ತಿಗೆ ಪದವಿ ಬೇಕಾದ ಗುಮಾಸ್ತ ಮುಂತಾದವರೆಲ್ಲ ಕಂದು ಬಣ್ಣದ ಲಕೋಟೆಗಾಗಿ ಅಂಚೆಯವನ ದಾರಿ ಕಾಯುತ್ತಿದ್ದರು.

ಆ ಕಾಲದಲ್ಲಿ ಗುಟ್ಟು ಕಾಯುವ ಪ್ರತ್ಯೇಕ ಕಾಯಿದೆ ವಿದ್ಯಾರ್ಥಿಗೆ ಇರಲಿಲ್ಲ. ಆದರೆ ಲಕೋಟೆ ಇತ್ತು. 1898ರ ಅಂಚೆ ಕಾಯಿದೆಯ ಪ್ರಕಾರ, ಪತ್ರವನ್ನು ಕರ್ತವ್ಯಕ್ಕೆ ವಿರುದ್ಧವಾಗಿ ಒಡೆದು ನೋಡಿದ ಅಂಚೆ ನೌಕರನಿಗೆ ಶಿಕ್ಷೆಯಿತ್ತು. ಸರಕಾರಕ್ಕೆ ಮಾತ್ರ ಕೆಲವು ಸಂದರ್ಭಗಳಲ್ಲಿ ಪತ್ರ ತಡೆಯುವ ಅಧಿಕಾರವಿತ್ತು. 1986ರಲ್ಲಿ ಆ ಅಧಿಕಾರವನ್ನು ವಿಸ್ತರಿಸುವ ಮಸೂದೆಯನ್ನು ಸಂಸತ್ತು ಒಪ್ಪಿದಾಗ ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಅಂಕಿತ ಹಾಕದೆ ಇರಿಸಿಕೊಂಡದ್ದು ಹಿರಿಯರಿಗೆ ನೆನಪಿರಬಹುದು. ಇನ್ನೊಂದು ನಿಯಮವೂ ಅಂಚೆಯಲ್ಲಿತ್ತು. ಕುರುಡರ ಓದಿಗೆಂದು ಉಬ್ಬಚ್ಚಿನಲ್ಲಿ ಸಿದ್ಧವಾದ ಪುಸ್ತಕಗಳ ಕಟ್ಟು ಏಳು ಕಿಲೋಗ್ರಾಮಿನವರೆಗೆ ಇದ್ದರೆ ನೆಲಮಾರ್ಗದ ಅಂಚೆಗೆ ಶುಲ್ಕವೇ ಇರಲಿಲ್ಲ. ಬ್ರೈಲ್ ಪುಸ್ತಕ ಎಷ್ಟು ದಪ್ಪವೆಂಬುದನ್ನು ಕಂಡವರೇ ಬಲ್ಲರು. ಆ ಭಾರವನ್ನು ಓದುವವನ ಮೇಲೆ ಹೊರಿಸಬಾರದೆಂಬ ವಿವೇಕ ಆ ನಿಯಮದಲ್ಲಿತ್ತು.

ಅಂದಿನ ವ್ಯವಸ್ಥೆ ಎಲ್ಲರಿಗೂ ಒಳ್ಳೆಯದಾಗಿತ್ತೆಂದು ನಾನು ಹೇಳುವುದಿಲ್ಲ. ಮೈಸೂರಿನಲ್ಲಿ 1901ರಲ್ಲಿಯೇ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾಗಿತ್ತು. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಒಂದೇ ಪದ್ಧತಿಯ ಭಾರತಿ ಬ್ರೈಲ್ ರೂಪುಗೊಂಡಿತು. ಇಷ್ಟಾದರೂ ಪದವಿ ತರಗತಿಯ ಪಾಠಗಳು ಬ್ರೈಲ್‌ನಲ್ಲಿ ಸಿಗುವುದು ಅಪರೂಪವೇ ಆಗಿತ್ತು. ನಾನು ಹೇಳುವುದು ಇಷ್ಟೇ: ಪಾಠ ಕಳುಹಿಸುವವನು ಎರಡು ಕೆಲಸ ಮಾಡಬೇಕು, ಒಂದು ಲಕೋಟೆಯನ್ನು ಅಂಟಿಸುವುದು, ಎರಡು ಒಳಗಿನದನ್ನು ಪಡೆದವನು ಓದಬಲ್ಲನೇ ಎಂದು ನೋಡುವುದು. ಈ ಎರಡೂ ಕರ್ತವ್ಯಗಳ ತಿಳಿವಳಿಕೆ ಅಂಚೆಯ ಕಾಲದಲ್ಲಿಯೇ ಇತ್ತು.

ನೋಡುವವನನ್ನು ನೋಡದ ಪಾಠ

ಅಂಚೆಯ ನಂತರ ಬಂದದ್ದು ಆಕಾಶಮಾರ್ಗ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ತಲುಪಿದವು. ನಮ್ಮ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. 1984ರ ಆಗಸ್ಟ್ 15ರಿಂದ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಪಾಠಗಳು ದೂರದರ್ಶನದಲ್ಲಿ ಬರಲಾರಂಭಿಸಿದವು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹವನ್ನು ಮೊದಮೊದಲು ಬಳಸಿದವರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ದೂರದರ್ಶನವನ್ನು ಎಲ್ಲರೂ ನೋಡಿದರು. ಅದು ಯಾರನ್ನೂ ನೋಡಲಿಲ್ಲ. ರಾಯಚೂರಿನ ಹಳ್ಳಿಯ ಹುಡುಗಿ ಪಾಠದ ನಡುವೆ ನಿದ್ದೆಹೋದಳೇ ಎಂಬುದು ಅಹಮದಾಬಾದಿನ ಪ್ರಸಾರ ಕೇಂದ್ರಕ್ಕೆ ತಿಳಿಯುವಂತಿರಲಿಲ್ಲ. ಅಂಚೆಯವನಿಗಾದರೂ ವಿಳಾಸ ಗೊತ್ತಿತ್ತು; ದೂರದರ್ಶನಕ್ಕೆ ಅದೂ ಗೊತ್ತಿರಲಿಲ್ಲ.

ಅಂತರಜಾಲದ ಪಾಠ ಹಾಗಲ್ಲ. ವಿದ್ಯಾರ್ಥಿ ಎಷ್ಟು ಗಂಟೆಗೆ ಬಂದ, ಯಾವ ಊರಿನಿಂದ ಬಂದ, ಯಾವ ಫೋನಿನಲ್ಲಿ ನೋಡಿದ, ಉಪನ್ಯಾಸದ ಯಾವ ನಿಮಿಷದಲ್ಲಿ ನಿಲ್ಲಿಸಿ ಎದ್ದುಹೋದ, ಪ್ರಶ್ನೆಗೆ ಎಷ್ಟು ಸಲ ತಪ್ಪು ಉತ್ತರ ಕೊಟ್ಟ, ಎಲ್ಲವೂ ತನ್ನಷ್ಟಕ್ಕೆ ದಾಖಲಾಗುತ್ತವೆ. ಪರೀಕ್ಷೆಯ ಸಮಯದಲ್ಲಿ ಕ್ಯಾಮೆರಾ ಮನೆಯೊಳಗನ್ನೂ ನೋಡಬಹುದು. ಈ ದಾಖಲೆಗಳು ಅನೇಕ ವೇಳೆ ವಿಶ್ವವಿದ್ಯಾನಿಲಯದ ಕಟ್ಟಡದಲ್ಲಿರದೆ, ಗುತ್ತಿಗೆ ಪಡೆದ ಯಾವುದೋ ಕಂಪನಿಯ ಯಂತ್ರಗಳಲ್ಲಿ ಇರುತ್ತವೆ. 2017ರ ಜುಲೈ 9ರಂದು ಕೇಂದ್ರ ಸರಕಾರದ ಸ್ವಯಂ ಎಂಬ ಪಾಠ ವೇದಿಕೆ ಉದ್ಘಾಟನೆಯಾಯಿತು. 2020ರ ಮಾರ್ಚ್‌ನಲ್ಲಿ ಮಹಾಮಾರಿಯಿಂದ ಕಾಲೇಜುಗಳು ಮುಚ್ಚಿದಾಗ, ಇಚ್ಛೆಯಿದ್ದವರ ದಾರಿಯಾಗಿದ್ದದ್ದು ಎಲ್ಲರಿಗೂ ಅನಿವಾರ್ಯವಾಯಿತು.

ಹೊರನಾಡಿನ ಕನ್ನಡಿಗರಿಗೆ ಇದರಲ್ಲಿ ಪ್ರತ್ಯೇಕ ಹಿತವೊಂದಿದೆ. ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯ ತನ್ನ ರಾಜ್ಯದ ಎಲ್ಲೆಯಾಚೆ ಅಧ್ಯಯನ ಕೇಂದ್ರ ನಡೆಸುವಂತಿಲ್ಲ. ಎಲ್ಲೆ ಮೀರಿ ನಡೆಸಿದ್ದೂ ಸೇರಿದಂತೆ ಹಲವು ಆಕ್ಷೇಪಗಳ ಮೇಲೆ ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರ ಮನ್ನಣೆಯಿಲ್ಲವೆಂದು 2015ರಲ್ಲಿ ಆಯೋಗವು ಪ್ರಕಟಿಸಿತು. ಆ ಮನ್ನಣೆ ಮರಳಿದ್ದು 2018ರಲ್ಲಿ. ಆದರೆ ಆಯೋಗದ 2020ರ ನಿಯಮಾವಳಿಯಂತೆ, ಅನುಮತಿ ಪಡೆದ ಆನ್‌ಲೈನ್ ಪದವಿಗಳಿಗೆ ರಾಜ್ಯದ ಗಡಿಯ ಕಟ್ಟು ಇಲ್ಲ. ಖಾಪರಖೇಡಾದಲ್ಲಿರುವ ಹುಡುಗನಿಗೆ ಕನ್ನಡ ನಾಡಿನ ತರಗತಿಗೆ ಹೋಗಲು ಇರುವ ಬಾಗಿಲು ಇದೊಂದೇ. ಆದುದರಿಂದ ಆ ಬಾಗಿಲು ಹೇಗಿದೆ ಎಂಬುದು ನಮಗೆ ಉಳಿದವರಿಗಿಂತ ಹೆಚ್ಚು ಮುಖ್ಯ.

ಗುಟ್ಟು ಯಾರಿಂದ?

ವಿದ್ಯಾರ್ಥಿಯ ಕಾಗದಪತ್ರಗಳಿಗಾಗಿಯೇ ಕಾಯಿದೆ ಮಾಡಿದ ದೇಶ ಅಮೆರಿಕ. 1974ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಸೆನೆಟರ್ ಜೇಮ್ಸ್ ಬಕ್ಲಿ ಅವರ ಹೆಸರಿನಿಂದ ಪ್ರಸಿದ್ಧವಾದ ತಿದ್ದುಪಡಿ ಕಾಯಿದೆಯಾಯಿತು. ಅದರ ತಿರುಳು ಎರಡು ಮಾತಿನಲ್ಲಿದೆ: ತನ್ನ ದಾಖಲೆಯನ್ನು ತಾನು ನೋಡುವ ಹಕ್ಕು ವಿದ್ಯಾರ್ಥಿಗೆ ಇರಬೇಕು, ಅವನ ಒಪ್ಪಿಗೆಯಿಲ್ಲದೆ ಅದನ್ನು ಇತರರಿಗೆ ತೋರಿಸಬಾರದು. ಹದಿನೆಂಟು ತುಂಬಿದ ಮೇಲೆ, ಅಥವಾ ಕಾಲೇಜು ಸೇರಿದ ಮೇಲೆ, ಈ ಹಕ್ಕು ತಂದೆತಾಯಿಗಳಿಂದ ಮಕ್ಕಳಿಗೆ ದಾಟುತ್ತದೆ. ಫೀಸು ಕಟ್ಟುವ ನಮ್ಮಂಥ ತಂದೆಯರಿಗೆ ಇದು ಸ್ವಲ್ಪ ಇರಿಸುಮುರಿಸಿನ ವಿಷಯವೇ ಸರಿ!

ಸರಕಾರಿ ನೌಕರರಿಗೆ ಈ ತತ್ತ್ವ ಹೊಸದಲ್ಲ. ನಮ್ಮ ವಾರ್ಷಿಕ ಗುಪ್ತವರದಿಯನ್ನು ಬಹುಕಾಲ ನಮ್ಮಿಂದಲೇ ಗುಪ್ತವಾಗಿ ಇಡಲಾಗಿತ್ತು. ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಹೇಳಿತು. 2011ರಲ್ಲಿ ಅದೇ ನ್ಯಾಯಾಲಯ, ಪರೀಕ್ಷಾರ್ಥಿಗೆ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕಿದೆಯೆಂದು ತೀರ್ಪಿತ್ತಿತು. ಕಾಗದ ಯಾರದೋ ಅವನಿಗೆ ಅದು ಗುಟ್ಟಲ್ಲ; ಸಂಬಂಧವಿಲ್ಲದವರಿಗೆ ಅದು ಗುಟ್ಟು. ನಮ್ಮಲ್ಲಿ ಬಹುಕಾಲ ಇದು ತಿರುವುಮುರುವಾಗಿತ್ತು. ಉತ್ತರಪತ್ರಿಕೆ ಬರೆದವನಿಗೆ ಕಾಣುತ್ತಿರಲಿಲ್ಲ, ಅಂಕಗಳು ಮಾತ್ರ ನೋಟೀಸು ಬೋರ್ಡಿನಲ್ಲಿ ಎಲ್ಲರಿಗೂ ಕಾಣುತ್ತಿದ್ದವು.

ಖಾಸಗಿತನ ಮೂಲಭೂತ ಹಕ್ಕೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು. ದೆಹಲಿಯಲ್ಲಿ ಅಂಚೆ ಶಿಕ್ಷಣ ಆರಂಭವಾದ 1962ರಲ್ಲಿಯೇ, ಖರಕ್ ಸಿಂಗ್ ಮೊಕದ್ದಮೆಯಲ್ಲಿ, ಅಂಥ ಹಕ್ಕು ಸಂವಿಧಾನದಲ್ಲಿ ಇಲ್ಲವೆಂದು ಬಹುಮತದ ತೀರ್ಪು ಬಂದಿತ್ತು. ಐವತ್ತು ವರ್ಷಗಳ ಮೇಲೆ, 2012ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ 86ನೆಯ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅರ್ಜಿದಾರರು ಕನ್ನಡ ನಾಡಿನವರು. ಪೀಠದಲ್ಲಿದ್ದವರಲ್ಲಿ ಶರದ್ ಬೋಬ್ಡೆಯವರು ನಮ್ಮ ನಾಗಪುರದವರು, ಅಬ್ದುಲ್ ನಜೀರ್ ಅವರು ಕರಾವಳಿಯವರು. ನಾಗಪುರದ ಕನ್ನಡಿಗರಾದ ನಮಗೆ ಇದು ಎರಡು ಕಡೆಯಿಂದಲೂ ಅಭಿಮಾನದ ಸಂಗತಿ. ಪುಟ್ಟಸ್ವಾಮಿಯವರು 2024ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮರುವರ್ಷ, 2018ರ ಸೆಪ್ಟೆಂಬರ್ 26ರಂದು, ಆಧಾರ್ ಬಗೆಗಿನ ಅಂತಿಮ ತೀರ್ಪಿನಲ್ಲಿ, ಅನುದಾನ ಆಯೋಗವಾಗಲಿ ಪರೀಕ್ಷಾ ಮಂಡಳಿಗಳಾಗಲಿ ವಿದ್ಯಾರ್ಥಿಗಳಿಂದ ಆಧಾರ್ ಸಂಖ್ಯೆಯನ್ನು ಕಡ್ಡಾಯವಾಗಿ ಕೇಳುವಂತಿಲ್ಲವೆಂದು ನ್ಯಾಯಾಲಯ ಹೇಳಿತು. ಆದರೆ ದಾಖಲೆಗಳನ್ನು ಕಾಯುವ ಕಾಯಿದೆ ಮಾತ್ರ ಇನ್ನೂ ಇರಲಿಲ್ಲ. ಅದಿಲ್ಲದ ಪರಿಣಾಮ 2023ರ ಜನವರಿಯಲ್ಲಿ ಬೆಳಕಿಗೆ ಬಂತು. ಸರಕಾರದ ದೀಕ್ಷಾ ಎಂಬ ಶಾಲಾ ಪಾಠಗಳ ವ್ಯವಸ್ಥೆಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಶಿಕ್ಷಕರ ಮತ್ತು ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರಗಳು ಕಾವಲಿಲ್ಲದ ಯಂತ್ರವೊಂದರಲ್ಲಿ ತೆರೆದು ಬಿದ್ದಿದ್ದವೆಂದು ಪತ್ರಿಕೆಗಳು ವರದಿ ಮಾಡಿದವು.

ಅದೇ ವರ್ಷದ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಪಾಠಗಳನ್ನು ಇರಿಸಿಕೊಳ್ಳುವ ಕೆಲಸವನ್ನು ಕಂಪನಿಗೆ ಗುತ್ತಿಗೆ ಕೊಟ್ಟಿದ್ದರೂ ಹೊಣೆ ವಿವರ ಸಂಗ್ರಹಿಸಿದ ಸಂಸ್ಥೆಯದೇ ಎಂಬುದು ಅದರ ಮುಖ್ಯ ಮಾತು. ತಕ್ಕ ರಕ್ಷಣೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಹದಿನೆಂಟು ತುಂಬದವರ ವಿವರಕ್ಕೆ ತಂದೆತಾಯಿಯರ ಒಪ್ಪಿಗೆ ಬೇಕು. ಅವರ ಚಲನವಲನದ ಜಾಡು ಹಿಡಿಯುವಂತಿಲ್ಲ. ಪಾಠಕ್ಕೂ ಸುರಕ್ಷತೆಗೂ ಬೇಕಾದಷ್ಟು ಮಟ್ಟಿಗೆ ಮಾತ್ರ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಇದೆ. ಕಾಯಿದೆಯ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ; ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ ಮುಂದೆ ಹದಿನೆಂಟು ತಿಂಗಳ ಗಡುವು ಕೊಡಲಾಯಿತು.

ಕಾಯಿದೆ ಬೇರೆ, ನಿಯಮ ಬೇರೆ

ಇನ್ನು ಎರಡನೆಯ ಕರ್ತವ್ಯ, ಪಾಠವು ಪಡೆದವನಿಗೆ ನಿಲುಕುವಂತಿರಬೇಕು ಎಂಬುದು. ಅಮೆರಿಕದಲ್ಲಿ 1973ರ ಕಾಯಿದೆಯೊಂದು, ಕೇಂದ್ರ ಸರಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರನ್ನು ಹೊರಗಿಡಬಾರದೆಂದು ವಿಧಿಸಿತು. ಆದರೆ ಅದರ ನಿಯಮಗಳಿಗೆ ಸಹಿ ಬೀಳಲಿಲ್ಲ. 1977ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರಕಾರಿ ಕಟ್ಟಡದೊಳಗೆ ಅಂಗವಿಕಲರು, ಗಾಲಿಕುರ್ಚಿಯವರೂ ಕುರುಡರೂ ಕಿವುಡರೂ ಒಟ್ಟಾಗಿ, ಮೂರು ವಾರಕ್ಕೂ ಮಿಕ್ಕಿ ಧರಣಿ ಕುಳಿತ ಮೇಲೆಯೇ ನಿಯಮಗಳು ಹೊರಬಂದವು. ಕಾಯಿದೆ ಪಾಸಾಗುವುದಕ್ಕೂ ನಿಯಮ ಹೊರಡುವುದಕ್ಕೂ ನಡುವೆ ಕಡತ ಎಷ್ಟು ಕಾಲ ಮಲಗಬಲ್ಲದೆಂಬುದು ನಮ್ಮಂಥ ಗುಮಾಸ್ತರಿಗೆ ಚೆನ್ನಾಗಿ ಗೊತ್ತು.

ನಮ್ಮ ದೇಶದಲ್ಲಿ 1995ರ ಕಾಯಿದೆಯ ಸ್ಥಾನದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಬಂದು, 2017ರ ಏಪ್ರಿಲ್ 19ರಿಂದ ಜಾರಿಯಾಯಿತು. 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇಕಡಾ 5ರಷ್ಟು ಸ್ಥಾನಗಳನ್ನು ಅದು ಮೀಸಲಿಟ್ಟಿತು. ಧ್ವನಿ, ಚಿತ್ರ, ಮುದ್ರಣ ಯಾವ ರೂಪದಲ್ಲಿದ್ದರೂ ಮಾಹಿತಿಯು ಎಲ್ಲರಿಗೂ ನಿಲುಕುವಂತಿರಬೇಕೆಂದಿತು. ಆದರೆ ನಿಯಮಗಳಲ್ಲಿ ಉಲ್ಲೇಖಿಸಿದ ಮಾನದಂಡಗಳು ಸಲಹೆಯ ಧಾಟಿಯಲ್ಲಿದ್ದವು; ಮಾಡಲೇಬೇಕೆಂಬ ಕಟ್ಟು ಇರಲಿಲ್ಲ. ದೃಷ್ಟಿಹೀನರಾದ ರಾಜೀವ್ ರತೂರಿಯವರ ಅರ್ಜಿಯ ಮೇಲೆ 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ಆ ನಿಯಮ ಕಾಯಿದೆಗೆ ವಿರುದ್ಧವೆಂದು ತೀರ್ಮಾನಿಸಿ, ಮೂರು ತಿಂಗಳೊಳಗೆ ಕಡ್ಡಾಯ ಮಾನದಂಡಗಳನ್ನು ರೂಪಿಸಬೇಕೆಂದು ಆದೇಶಿಸಿತು. 2017ರ ಖಾಸಗಿತನದ ಮುಖ್ಯ ತೀರ್ಪನ್ನೂ 2024ರ ಈ ತೀರ್ಪನ್ನೂ ಬರೆದವರು ಒಬ್ಬರೇ, ನ್ಯಾಯಮೂರ್ತಿ ಚಂದ್ರಚೂಡ್ ಅವರು. ಲಕೋಟೆ ಅಂಟಿಸುವುದು, ಓದಲು ಬರುವಂತೆ ಕಳುಹಿಸುವುದು, ಇವೆರಡೂ ಮನುಷ್ಯನ ಘನತೆಯ ಪ್ರಶ್ನೆಗಳೇ ಎಂದು ನಾನು ತಿಳಿದುಕೊಂಡಿದ್ದೇನೆ.

ಅಕ್ಷರದ ಒಳಗೆ ಬೇರೆ ಅಕ್ಷರ

ನನ್ನ ಸೋದರಳಿಯನ ಯಂತ್ರ ಕನ್ನಡದ ಪಾಠವನ್ನು ಏಕೆ ಬಡಬಡಿಸಿತು? ಇದರ ಕಾರಣ ತಿಳಿಯುವುದು ಕನ್ನಡಿಗರೆಲ್ಲರಿಗೂ ಅಗತ್ಯ.

ಹಿಂದೆ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಒಂದು ಉಪಾಯ ಮಾಡಿದ್ದರು. ಯಂತ್ರದೊಳಗೆ ಇಂಗ್ಲಿಷಿನ ಅಕ್ಷರಗಳ ಸಂಕೇತಗಳೇ ಇರುತ್ತಿದ್ದವು. ಅವುಗಳಿಗೆ ಕನ್ನಡದ ವೇಷ ತೊಡಿಸುವ ಅಚ್ಚು ಮಾತ್ರ ಬೇರೆ. ನುಡಿ, ಬರಹ ಮುಂತಾದ ತಂತ್ರಾಂಶಗಳು ಈ ದಾರಿಯಲ್ಲಿ ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ನಮ್ಮ ಎಷ್ಟೋ ಪತ್ರಿಕೆಗಳು ಅದರಿಂದಲೇ ಅಚ್ಚಾದವು. ಆದರೆ ನುಡಿಯ ಹಳೆಯ ಅಚ್ಚಿನಲ್ಲಿ ‘ಕನ್ನಡ’ ಎಂಬ ಪದ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷಿನ ಪಿ, ಹಣದ ಪೌಂಡ್ ಚಿಹ್ನೆ, ಕ್ಯೂ ಮುಂತಾದವು. ಕಣ್ಣಿದ್ದವರು ವೇಷ ನೋಡಿ ಓದುತ್ತಾರೆ. ಯಂತ್ರವು ಒಳಗಿರುವುದನ್ನು ಓದುತ್ತದೆ. ಪುಟಗಳ ಫೋಟೋ ತೆಗೆದು ಕಳುಹಿಸಿದರಂತೂ ಯಂತ್ರಕ್ಕೆ ಅದು ಅಕ್ಷರವೇ ಅಲ್ಲ, ಬರಿಯ ಚಿತ್ರ. ಹಿಂದಿಯ ಕೃತಿದೇವ್ ಅಚ್ಚಿನಲ್ಲಿಯೂ ಇದೇ ತೊಡಕು.

ಪರಿಹಾರವೂ ಹಳೆಯದೇ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ ದೊರೆತಿತ್ತು. ಅದರಲ್ಲಿ ಟೈಪು ಮಾಡಿದ ಪಾಠವನ್ನು ಯಂತ್ರ ಕನ್ನಡವಾಗಿಯೇ ಓದುತ್ತದೆ. ಕುರುಡರಿಗಾಗಿ ಪುಸ್ತಕದ ರೂಪ ಬದಲಿಸಲು ಹಕ್ಕುಸ್ವಾಮ್ಯದ ಅಡ್ಡಿಯೂ ಇಲ್ಲ. 2012ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಇದೇ ಉದ್ದೇಶದ ಮರ್ರಾಕೆಷ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ. ನಮ್ಮ ಹುಡುಗನ ಪಾಠಗಳನ್ನು ನನ್ನ ಹೆಂಡತಿಯೂ ನಾನೂ ರಾತ್ರಿ ಕುಳಿತು ಯೂನಿಕೋಡ್‌ನಲ್ಲಿ ಮತ್ತೆ ಟೈಪು ಮಾಡಿದೆವು. ಒಂದು ಪತ್ರಿಕೆಯ ಪಾಠ ಮುಗಿಸಲು ಎರಡು ತಿಂಗಳು ಹಿಡಿಯಿತು. ಮೊದಲಲ್ಲಿಯೇ ಸರಿಯಾದ ಅಚ್ಚು ಬಳಸಿದ್ದರೆ ಎರಡು ನಿಮಿಷದ ಕೆಲಸವೂ ಇರಲಿಲ್ಲ.

ಬಾಗಿಲು ಮುಚ್ಚಿದ ಒಂದು ಕತೆ

ನಿಯಮ ಬಿಗಿಯಾದರೆ ಪಾಠಗಳೇ ನಿಂತುಹೋಗಬಹುದಲ್ಲವೇ ಎಂದು ಕೇಳುವವರಿದ್ದಾರೆ. ಅದಕ್ಕೂ ಉದಾಹರಣೆಯಿದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯವು ಸಾವಿರಾರು ಉಪನ್ಯಾಸಗಳನ್ನು ಜಗತ್ತಿಗೆಲ್ಲ ಉಚಿತವಾಗಿ ಹಂಚಿತ್ತು. ಮಾತಿಗೆ ಸರಿಯಾದ ಬರಹ ಇಲ್ಲದ್ದರಿಂದ ತಮಗೆ ಅವು ನಿಲುಕುವುದಿಲ್ಲವೆಂದು ಕಿವುಡರ ವಿಶ್ವವಿದ್ಯಾನಿಲಯವಾದ ಗ್ಯಾಲಡೆಟ್‌ನ ಇಬ್ಬರು ಉದ್ಯೋಗಿಗಳು ದೂರಿತ್ತರು. ಸರಕಾರದ ನ್ಯಾಯ ಇಲಾಖೆ 2016ರಲ್ಲಿ ಆ ದೂರು ಸರಿಯೆಂದಿತು. ಬರ್ಕ್ಲಿಯವರು 2017ರ ಮಾರ್ಚ್‌ನಲ್ಲಿ 20,000ಕ್ಕೂ ಹೆಚ್ಚು ಧ್ವನಿಮುದ್ರಣ ಮತ್ತು ಚಿತ್ರಮುದ್ರಣಗಳನ್ನು ಸಾರ್ವಜನಿಕರಿಂದ ಹಿಂತೆಗೆದುಕೊಂಡರು. ಕಿವುಡರಿಗೆ ಸಿಗದ ಪಾಠ ಕೇಳುವವರಿಗೂ ಇಲ್ಲವಾಯಿತು. ಆ ವ್ಯಾಜ್ಯ ಒಪ್ಪಂದದಲ್ಲಿ ಮುಗಿದದ್ದು 2022ರಲ್ಲಿ.

ಇದರಿಂದ ನಿಯಮವೇ ಕೆಟ್ಟದ್ದೆಂದು ಹೇಳಲಾಗದು. ಮನೆ ಕಟ್ಟಿ ಮುಗಿಸಿದ ಮೇಲೆ ಗಾಲಿಕುರ್ಚಿಗೆ ಇಳಿಜಾರು ಮಾಡಹೊರಟರೆ ಗೋಡೆ ಒಡೆಯಬೇಕಾಗುತ್ತದೆ. ತಳಪಾಯ ಹಾಕುವಾಗಲೇ ಯೋಚಿಸಿದರೆ ಖರ್ಚು ಅಲ್ಪ. ನಮ್ಮ ವಿಶ್ವವಿದ್ಯಾನಿಲಯಗಳು ಆನ್‌ಲೈನ್ ಪದವಿಗಳನ್ನು ಈಗಷ್ಟೇ ಕಟ್ಟುತ್ತಿವೆ. ತಳಪಾಯದ ಕಾಲ ಇನ್ನೂ ಮೀರಿಲ್ಲ.

ನಮ್ಮ ಮನೆಯಿಂದಲೇ

ಬೇರೆಯವರ ತಪ್ಪನ್ನು ಎಣಿಸಿ ಮುಗಿಸುವ ಮೊದಲು ನಮ್ಮ ಸಂಘದ ಕಡೆಗೂ ನೋಡಿಕೊಳ್ಳೋಣ. ಪ್ರತಿವರ್ಷ ಪ್ರತಿಭಾ ಪುರಸ್ಕಾರದ ಸಂಚಿಕೆಯಲ್ಲಿ ಮಕ್ಕಳ ಹೆಸರು, ಅಂಕ, ಶಾಲೆ, ತಂದೆಯ ಫೋನ್ ಸಂಖ್ಯೆ, ಭಾವಚಿತ್ರ ಎಲ್ಲವನ್ನೂ ಪ್ರೀತಿಯಿಂದಲೇ ಅಚ್ಚು ಹಾಕುತ್ತೇವೆ. ಹಿಂದೆ ಅದು ಕೆಲವು ನೂರು ಮನೆಗಳೊಳಗೆ ಉಳಿಯುತ್ತಿತ್ತು. ಇಂದು ಅದೇ ಸಂಚಿಕೆ ಫೋನಿನಿಂದ ಫೋನಿಗೆ ಹಾರಿ ಎಲ್ಲೆಲ್ಲಿಯೋ ಹೋಗುತ್ತದೆ. ಮಕ್ಕಳನ್ನೊಮ್ಮೆ ಕೇಳಿ ಹಾಕೋಣ; ಫೋನ್ ಸಂಖ್ಯೆಯನ್ನು ಬಿಟ್ಟುಬಿಡೋಣ. ಇನ್ನೊಂದು ಮಾತು: ನಮ್ಮ ಪತ್ರಿಕೆಯೂ ಇಂದಿಗೂ ಹಳೆಯ ಅಚ್ಚಿನಲ್ಲಿಯೇ ಸಿದ್ಧವಾಗುತ್ತಿದೆ. ಅದನ್ನು ನನ್ನ ಸೋದರಳಿಯ ಇಷ್ಟು ವರ್ಷ ಅತ್ತೆಯ ಬಾಯಿಂದ ಓದಿಸಿಕೊಂಡು ಕೇಳಿದ್ದಾನೆ.

ಈ ಲೇಖನವನ್ನು ಯೂನಿಕೋಡ್‌ನಲ್ಲಿಯೇ ಟೈಪು ಮಾಡಿ ಸಂಪಾದಕರಿಗೆ ಕಳುಹಿಸಿದ್ದೇನೆ. ಫೋನಿನಲ್ಲಿ ಹಂಚುವ ಸಂಚಿಕೆಯನ್ನಾದರೂ ಹಾಗೆಯೇ ಸಿದ್ಧಪಡಿಸಿದರೆ, ಅವನು ಯಾರ ನೆರವೂ ಇಲ್ಲದೆ ಇದನ್ನು ಓದಿಕೊಳ್ಳಬಲ್ಲನು. ತಪ್ಪುಗಳಿದ್ದರೆ ತಿದ್ದುವುದಾಗಿ ಈಗಲೇ ಹೇಳಿಟ್ಟಿದ್ದಾನೆ.